ಸಮುದ್ರದಡಿ ಉಬ್ಬಿದ ನೆಲ

ಸ್ಕೋಫೀಲ್ಡ್ಸ್, ಸಿಡ್ನಿ
೫ ಆಗಸ್ಟ್ ೨೦೨೫

ನನ್ನ ಮುದ್ದು ಇಂದು ಅಕ್ಕಾ,

ಬೈಬೇಡ! ಮದುವೆಯಾಗಿ ಮೂರು ತಿಂಗಳಾದರೂ ಟ್ರುಗನಿನಾದ ನಿನ್ನ ಮನೆಗೆ ಒಂದು ಕಾಗದ ಹಾಕಲಿಲ್ಲ, ನಿಜ. ಇವತ್ತು ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕಾನ್ವೆಂಟಿನವಳ ಕನ್ನಡ, ಸಹಿಸಿಕೋ.

ನನ್ನ ಗಂಡ (ಹೀಗೆ ಬರೆಯುವುದೇ ಎಷ್ಟು ಖುಷಿ ಗೊತ್ತಾ!) ಟೋಂಗಾ ಕಡೆಯ ಸಮುದ್ರದಲ್ಲಿ, ನೀರಿನಡಿಯ ಒಂದು ಜ್ವಾಲಾಮುಖಿಯ ಹತ್ತಿರ ಹಡಗಿನಲ್ಲಿದ್ದಾನೆ. ನಮ್ಮ ಆಷಾಢದ ಹಾಗೆ ಸುಕೇಶ್ ಮನೆಯವರಿಗೆ ಆಟಿ. ಅತ್ತೆ ಉಡುಪಿಯಿಂದ ಫೋನ್ ಮಾಡಿ, "ಆಟಿಯಲ್ಲಿ ಮದುಮಗಳು ತವರಿಗೆ ಹೋಗುವುದು ಮಾರಾಯ್ತಿ, ನಿಮ್ಮಲ್ಲಿ ಮದುಮಗನೇ ಹೊರಟನಲ್ಲ!" ಅಂತ ನಕ್ಕರು. ನಾನೂ ನಕ್ಕೆ.

ಅಲ್ಲಿ ಸಮುದ್ರದ ತಳದಲ್ಲಿಟ್ಟ ಯಂತ್ರಗಳು ತಮ್ಮ ಮೇಲಿನ ನೀರಿನ ಭಾರ ಅಳೆಯುತ್ತವೆ. ನೆಲ ಉಬ್ಬಿದರೆ ಭಾರ ಕಡಿಮೆ. ಹಡಗು ಕಳಿಸುವ ಆ ಅಂಕಿಗಳನ್ನು ಪ್ಯಾರಮಟ್ಟಾ ಆಫೀಸಿನಲ್ಲಿ ಕೂತು ನೋಡುವವಳು ನಾನು. ಹೋದ ವಾರ ನೆಲ ಒಂದು ಗೇಣು ಉಬ್ಬಿತು. ಸಣ್ಣ ಭೂಕಂಪಗಳಂತೂ ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ. ಇವತ್ತು ಬೆಳಿಗ್ಗೆ ಆ ಚಟಪಟ ಒಮ್ಮೆಲೇ ನಿಂತಿತು.

ಎಲ್ಲರೂ ಸಮಾಧಾನದ ಉಸಿರುಬಿಟ್ಟರು. ಅಂಕಿ ಕಳಿಸದೆ ತನ್ನಲ್ಲೇ ಕೂಡಿಟ್ಟುಕೊಳ್ಳುವ ಹಳೆಯ ಯಂತ್ರವೊಂದು ಜ್ವಾಲಾಮುಖಿಯ ಬಾಯಿಯ ಪಕ್ಕದಲ್ಲೇ ಇದೆ. ಎರಡು ವರ್ಷದ ದಾಖಲೆಯೆಲ್ಲ ಅದರ ಹೊಟ್ಟೆಯಲ್ಲಿ. ಸುಕೇಶ್ ಹೋಗಿರುವುದೇ ಅದಕ್ಕೆ. "ಈಗಲೇ ಹೋಗಿ ಎತ್ತಿಬಿಡುತ್ತೇವೆ" ಅಂತ ಹಡಗಿನಿಂದ ಮೆಸೇಜ್ ಬಂತು. ಆದರೆ ಅಕ್ಕಾ, ಭೂಕಂಪ ನಿಂತರೂ ನೆಲ ಉಬ್ಬುತ್ತಲೇ ಇತ್ತು! ಒಳಗೆ ಯಾರೋ ಉಸಿರು ಬಿಗಿಹಿಡಿದ ಹಾಗೆ. "ಹತ್ತಿರ ಹೋಗಬೇಡಿ, ವಾಪಸ್ ಬನ್ನಿ" ಅಂತ ಬರೆದುಕೊಟ್ಟೆ.

ನಮ್ಮ ಬಾಸ್ ಹೆಲೆನ್ ಓದಿ ಕನ್ನಡಕ ತೆಗೆದಳು. "ಇದನ್ನು ಬರೆದದ್ದು ನನ್ನ ಅನಲಿಸ್ಟಾ, ಸುಕೇಶನ ಹೆಂಡತಿಯಾ?"

"ಅಂಕಿ ನೋಡು, ಹೆಲೆನ್."

ನೋಡಿದಳು. ಕಳಿಸಿದಳು. "ನೀನಿನ್ನು ಮನೆಗೆ ಹೋಗು" ಅಂದಳು.

ನಾನು ಹೊರಡುವವರೆಗೂ ಹಡಗಿನಿಂದ ಉತ್ತರವಿರಲಿಲ್ಲ. ತಿರುಗಿತೋ, ಯಂತ್ರದ ಕಡೆಗೇ ಹೋಯಿತೋ! ಅವನ ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ. ಕುಕ್ಕರ್ ಇಡಲೂ ಮನಸ್ಸು ಬರುತ್ತಿಲ್ಲ. ಅವನು ಬಂದರೆ ಸಾಕು ಅಕ್ಕಾ, ಮತ್ತೇನೂ ಬೇಡ.

ಭಾವನಿಗೆ ನಮಸ್ಕಾರ. ಪ್ರಾರ್ಥನಾಗೆ ಚಿಕ್ಕಮ್ಮನ ರಾಶಿ ಮುತ್ತು, ಅವಳು "ಯಕ್!" ಅಂದರೂ ಕೊಡು. ನಮ್ಮಿಬ್ಬರ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ಇಂಚರಾ

ತಾ.ಕ.: ಕವರ್ ಅಂಟಿಸಿದ್ದೆ, ಮತ್ತೆ ಒಡೆದೆ. ಹಡಗು ತಿರುಗಿತು, ಎಲ್ಲರೂ ಕ್ಷೇಮ. ಜ್ವಾಲಾಮುಖಿ ಏನೂ ಮಾಡಲಿಲ್ಲ. ಉಬ್ಬಿದ ನೆಲ ತಾನಾಗಿಯೇ ಇಳಿಯಿತು. ಯಂತ್ರ ಅಲ್ಲೇ ಉಳಿಯಿತು, ಮುಂದಿನ ಹಡಗು ಹೋಗುವಷ್ಟರಲ್ಲಿ ಅದರ ಬ್ಯಾಟರಿ ಮುಗಿದಿರುತ್ತದೆ, ಕರೆದರೂ ಮೇಲೆ ಬಾರದು. ಎರಡು ವರ್ಷದ ದಾಖಲೆ ಹೋದ ಹಾಗೆಯೇ. ಹಡಗಿನಲ್ಲಿ ಜೊತೆಗಿರುವ ಸಂಪತ್, "ಆಟಿ ಮುಗಿಯುವ ತನಕವೂ ಕಾಯಲಿಲ್ಲವಲ್ಲ ಮಾರಾಯ, ನಿನ್ನ ಮದುಮಗಳು!" ಅಂದನಂತೆ. ಎಲ್ಲರೂ ನಕ್ಕರಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಸುಕೇಶ್ ನಗಲಿಲ್ಲ. "ಇಂಚು, ಹಡಗಿನಲ್ಲಿ ನನ್ನ ಬದಲು ಬೇರೆ ಯಾರೋ ಇದ್ದಿದ್ದರೂ ಇದನ್ನೇ ಬರೀತಿದ್ದೆಯಾ?" ಅಂದ. "ಬರೀತಿದ್ದೆ" ಅಂದೆ. ಆದರೆ ಹೇಳುವ ಮೊದಲು ಒಂದು ಕ್ಷಣ ಸುಮ್ಮನಾಗಿದ್ದೆ, ಅಕ್ಕಾ. ಅದು ಅವನಿಗೆ ಕೇಳಿಸಿತು.