ಪಿಸುಮಾತಿನ ಔಟ್

ಅಪ್ಪಾಜಿ,

ನೀವು ಹೋದಾಗಿನಿಂದ ಗೂಟದಲ್ಲೇ ಇದ್ದ ನಿಮ್ಮ ಅಂಪೈರ್ ಟೋಪಿಯನ್ನು ಇವತ್ತು ನಾನು ಹಾಕಿಕೊಂಡೆ. ಬೇಲೂರಿನಲ್ಲಿ ಶಿಕ್ಷಕಿಯರ ಸಾಫ್ಟ್‌ಬಾಲ್ ಪಂದ್ಯವಿತ್ತು. ಅಂಪೈರ್ ಬರಲಿಲ್ಲವೆಂದು, ನಿಮ್ಮ ಮಗಳಾದ ತಪ್ಪಿಗೆ, ರಾತ್ರಿಯೆಲ್ಲ ಮಗುವಿನ ಅಳುವಿಗೆ ಕಣ್ಣು ಮುಚ್ಚದ ನನ್ನನ್ನೇ ನಿಲ್ಲಿಸಿದರು.

ಗೆಲ್ಲಲು ಬೇಕಿದ್ದ ಒಂದೇ ಒಂದು ಓಟಕ್ಕೆ ಹಗರೆ ಶಾಲೆಯ ಮಾಲಿನಿ ಮಿಸ್ ಕೊನೆಯ ಬೇಸಿಗೆ ಜಾರಿಕೊಂಡು ಬಂದರು. ಔಟ್ ಎಂದೆ.

"ಏನ್ರೀ, ಕಣ್ಣು ಕಾಣಲ್ವಾ?" ಎಂದು ಅವರು ದನಿ ಏರಿಸಿದರು. ಗೆರೆಯಾಚೆ ಅಮ್ಮನ ಮಡಿಲಲ್ಲಿ ನನ್ನ ಪಾಪು ಮಿಸುಕಾಡಿತು. ನಾನು ಕೈ ಮುಗಿದುಬಿಟ್ಟೆ.

"ಎಷ್ಟಾದ್ರೂ ಬಯ್ರಿ, ಮೆತ್ತಗೆ ಬಯ್ರಿ. ಈಗ್ತಾನೆ ಮಲಗಿದೆ!"

ಮಾಲಿನಿ ಮಿಸ್ಸಿಗೂ ಇಬ್ಬರು ಮಕ್ಕಳು. ತಕ್ಷಣ ದನಿ ಇಳಿಸಿ, "ಸೇಫ್ ಕಣ್ರೀ ಅದು, ಔಟಲ್ಲ" ಎಂದು ಪಿಸುಗುಟ್ಟಿದರು. ಎರಡೂ ತಂಡದವರು ಸುತ್ತ ನಿಂತು ಪಿಸುಮಾತಿನಲ್ಲೇ ಕಿತ್ತಾಡಿದರು. ಹಾಗೆ ಬೈದರೆ ಕೋಪ ಎಷ್ಟು ಹೊತ್ತು ನಿಂತೀತು? ಮಾಲಿನಿ ಮಿಸ್ಸೇ ನಕ್ಕುಬಿಟ್ಟರು. "ಔಟೇ ಇರ್ಲಿ ಬಿಡಿ, ಪಾಪ ಮಲಗ್ಲಿ."

ಈಗ ರಾತ್ರಿಯಾಗಿದೆ, ಪಾಪು ಮಲಗಿದೆ. ನನಗೇ ನಿದ್ದೆಯಿಲ್ಲ.

ಮೈದಾನದಲ್ಲಿ ಬಂಡೆಯಂತೆ ನಿಲ್ಲುತ್ತಿದ್ದ ನೀವು ಮನೆಗೆ ಬಂದು ಟೋಪಿ ತೆಗೆಯುತ್ತಲೇ, "ಅದು ಔಟೇ ತಾನೇ, ಸಿರಿ?" ಎನ್ನುತ್ತಿದ್ದಿರಿ. "ನಂಗೇನ್ ಗೊತ್ತು" ಎಂದು ನಾನು ಒಳಗೆ ಹೋಗುತ್ತಿದ್ದೆ.

ಅಪ್ಪಾಜಿ, ಅದು ಔಟೇ ತಾನೇ?