ಬ್ರೇಕ್ ವ್ಯಾನಿನ ಕಿಟಕಿ

ಸನ್ನಿವೇಲ್, ಮಾರ್ಚ್ ೧೯೮೬

ತಮ್ಮ ಜವರಪ್ಪನಿಗೆ,

ಬೋರಮ್ಮನ ಮಂಡಿನೋವು ಹೇಗಿದೆ? ನಾಗರಾಜು, ಅವನ ಮಕ್ಕಳು ಚೆನ್ನಾಗಿದ್ದಾರಾ? ನೀನು ತೀರಿಹೋಗಿ ಮೂರು ವರ್ಷವಾಯಿತು, ನಿನ್ನ ಆರೋಗ್ಯ ಹೇಗೆ ಕೇಳಲಿ.

ಇಲ್ಲಿ ನಾನು ಹಳೇ ಬ್ರಿಟಿಷ್ ಗೂಡ್ಸ್ ರೈಲುಗಳ ಬ್ರೇಕ್ ವ್ಯಾನಿನ ಪುಟ್ಟ ಮಾದರಿಗಳನ್ನು ಕೂಡಿಡುತ್ತೇನೆ. ನಿನ್ನೆ ಹದಿನಾಲ್ಕನೆಯದು ಸಿಕ್ಕಿತು, ನೀನು ಗಾರ್ಡಾಗಿ ಹೋಗುತ್ತಿದ್ದ ಡಬ್ಬಿಯ ಹಾಗೇ ಇದೆ. ಕೂದಲೆಳೆಯಷ್ಟೂ ತಪ್ಪಿಲ್ಲ ಅಂದ ಮಾರಿದವನು. ನಾನು ನಂಬುತ್ತೇನೆಯೇ? ನಕ್ಷೆ ಇಟ್ಟುಕೊಂಡು ಮೆಟ್ಟಿಲು, ಒಲೆ, ಕಿಟಕಿ ಎಲ್ಲ ಅಳೆದೆ. "ತಾತಾ, ಯು ಡೋಂಟ್ ಟ್ರಸ್ಟ್ ಎನಿಬಡಿ" ಅಂತ ಮೊಮ್ಮಗಳು ನಕ್ಕಳು. ಅಳತೆ ಸರಿಯಾಗಿಯೇ ಇತ್ತು.

ಆಮೇಲೆ ಛಾವಣಿ ತೆಗೆದು, ಬೆಂಕಿಕಡ್ಡಿಯೊಂದನ್ನು ಅರ್ಧಕ್ಕೆ ಮುರಿದು, ಬ್ರೇಕಿನ ಚಕ್ರದ ಹತ್ತಿರ ನಿನ್ನ ಜಾಗದಲ್ಲಿ ಮೇಣ ಹಚ್ಚಿ ನಿಲ್ಲಿಸಿದೆ. ಛಾವಣಿ ಮುಚ್ಚಿ, ಅವತ್ತು ನಾನು ಪ್ಲಾಟ್‌ಫಾರಮಿನಲ್ಲಿ ನಿಂತಿದ್ದ ಕಡೆಯಿಂದ ಕಿಟಕಿಯೊಳಕ್ಕೆ ನೋಡಿದೆ. ಕಡ್ಡಿ ಕಾಣಲಿಲ್ಲ. ನನ್ನ ಕಣ್ಣನ್ನೂ ನಂಬದೆ ಮೊಮ್ಮಗಳನ್ನು ಕರೆದೆ. "ನೋಬಡಿ ದೇರ್, ತಾತ" ಅಂದಳು.

ವ್ಯಾಗನ್ನುಗಳು ಹಿಂದಕ್ಕೆ ಉರುಳಿದ ದಿನ, "ಚಕ್ರ ಹಿಡಿದೇ ಇದ್ದೆ ಅಣ್ಣಾ" ಅಂದಿದ್ದೆ ನೀನು. ವಿಚಾರಣೆಯಲ್ಲಿ ನಾನು, ಕಿಟಕಿಯಲ್ಲಿ ಗಾರ್ಡ್ ಕಾಣಲಿಲ್ಲ, ಮಲಗಿದ್ದಿರಬೇಕು ಅಂದೆ. ನಿನ್ನ ಕೆಲಸ ಹೋಯಿತು. ಕಾಣಲಿಲ್ಲ ಅಂದದ್ದು ಮಾತ್ರ ನಿಜ.

ಕಡ್ಡಿ ಇನ್ನೂ ಒಳಗೇ ನಿಂತಿದೆ. ತೆಗೆಯಲು ಕೈ ಬರುತ್ತಿಲ್ಲ. ಬೇಗ ಕಾಗದ ಬರಿಯಪ್ಪಾ, ಬೈದಾದರೂ ಬರಿ.

ನಿನ್ನ ಅಣ್ಣ