ಒಂದೇ ಕೈಯ ಅಳತೆ

ಚಾಂದೂ, ನನ್ನ ಜಗಳದ ಜೊತೆಗಾರ,

ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಕುದುರೆ ಹಿಂದೆ ಹೋದವನು ನಾನು. ಕಾಗದ ಬರೆಯುವುದೆಂದರೆ ಮೈ ಉರಿಯುತ್ತದೆ. ಆದರೂ ಕೂತಿದ್ದೇನೆ. ನೀನು ಮಣ್ಣು ಸೇರಿ ಇಷ್ಟು ವರ್ಷವಾದ ಮೇಲೆ ನಿನ್ನದೊಂದು ಕೆಲಸ ನನಗೆ ನಿನ್ನೆ ತಿಳಿಯಿತು. ಬದುಕಿದ್ದಾಗಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆ ಮೆರವಣಿಗೆ ನೆನಪಿದೆಯಾ? ಮಧುಗಿರಿ ಕೋಟೆ ಬಾಗಿಲಿಗೆ ಪಾಳೇಗಾರ ಕುದುರೆ ಏರಿ ಬರುವುದನ್ನು ಆಡಿ ತೋರಿಸಬೇಕೆಂದು ಊರಿನವರು ಸಮಿತಿ ಕಟ್ಟಿದ್ದರು. ಜಟಕಾ ಹೊಡೆಯುವ ನಾನಲ್ಲದೆ ಕುದುರೆ ಏರುವವನು ಇನ್ಯಾರಿದ್ದ? ದೊರೆ ನಾನೇ ಎಂದೆ. ಸಮಿತಿಯ ಯಜಮಾನ ನನ್ನ ಎಡಗೈ ನೋಡಿ ನಕ್ಕ. ಕೊಡಿಗೇನಹಳ್ಳಿ ದಾರಿಯಲ್ಲಿ ಜಟಕಾ ಮಗುಚಿ ಮುರಿದು, ಸೊಟ್ಟಗೆ ಕೂಡಿಕೊಂಡು, ಬಲಗೈಗಿಂತ ಗಿಡ್ಡವಾಗಿಬಿಟ್ಟಿದ್ದ ಕೈ.

"ಮೋಟುಗೈ ದೊರೆನಾ? ನೀನು ಕುದ್ರೆ ಹಿಡ್ಕಂಡ್ ನಡಿ ಸಿದ್ದಪ್ಪ, ಮ್ಯಾಲೆ ಬೇರೆಯೋರು ಕುಂತ್ಕತಾರೆ."

ನಾನು ಅವನ ಕುತ್ತಿಗೆಗೆ ಕೈ ಹಾಕುವುದರಲ್ಲಿದ್ದೆ. ಜಟಕಾ ಸ್ಟ್ಯಾಂಡಿನ ಪಕ್ಕದ ನಿನ್ನ ಹೊಲಿಗೆ ಅಂಗಡಿಯಿಂದ ಎದ್ದು ಬಂದೆ ನೀನು. "ಅಂಗಿ ನಾನ್ ಹೊಲಿತೀನಿ ಯಜಮಾನ್ರೆ. ತೊಡ್ಸಿ ನೋಡಿ, ಆಮ್ಯಾಕೆ ಮಾತಾಡಿ." ಅಬ್ಬಾ, ಅದೇನು ಜಂಬ ನಿನ್ನದು!

ಶಿರಾದ ನಿಮ್ಮ ಮನೆಯ ಪೆಟ್ಟಿಗೆಯಿಂದ ಮುತ್ತಾತನ ಕಾಲದ ನಿಲುವಂಗಿಯೊಂದನ್ನು ನೀನು ತಂದೆ. ಮುಟ್ಟಿದರೆ ಪುಡಿಯಾಗುವಂತಿತ್ತು. ಅದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಚಾಪೆ ಮೇಲೆ ಹರಡಿ, ಅವುಗಳ ಮಾದರಿಯಲ್ಲೇ ಹೊಸ ಬಟ್ಟೆಯಲ್ಲಿ ನನ್ನ ಅಂಗಿ ಕತ್ತರಿಸಿದೆ. ಕತ್ತರಿಸುವ ಮೊದಲು ನನ್ನ ಅಳತೆ ತೆಗೆಯುವಾಗ ಬಲಗೈಗೆ ಟೇಪು ಹಿಡಿದೆ. ನಾನು ಎಡಗೈ ಚಾಚಿದರೆ, "ಒಂದ್ ಕೈ ಸಾಕು, ಇಳ್ಸು" ಎಂದೆ ನೀನು. ಗಿಡ್ಡ ಕೈಯ ತೋಳನ್ನು ಕಣ್ಣಂದಾಜಲ್ಲೇ ಕತ್ತರಿಸುತ್ತೀಯ ಎಂದುಕೊಂಡೆ ನಾನು.

ಆಮೇಲೆ ಸೂಜಿ ಹಿಡಿದು ಕೂತೆಯಲ್ಲ, ನನ್ನ ಪಿತ್ತ ನೆತ್ತಿಗೇರಿತು. "ಕಾಲಡಿ ಮಿಷನ್ ಮಡೀಕಂಡು ಕೈನಾಗೆ ಹೊಲಿತೀಯಲ್ಲ, ತಲೆ ಕೆಟ್ಟೈತೇನ್ಲಾ?"

"ನಿನ್ನ ಪಾಳೇಗಾರನ ಕಾಲ್ದಾಗೆ ಮಿಷನ್ ಇತ್ತೇನ್ಲಾ? ದೂರ ಕುಂತ್ಕ, ನಿನ್ನ ಸಿಟ್ಟಿಗೆ ದಾರ ಕಿತ್ತೋಗ್ತದೆ!"

ಒಂದು ಹೊಲಿಗೆ ಮುಂದೆ, ಅರ್ಧ ಹಿಂದೆ. ಮತ್ತೆ ಮುಂದೆ. ಅಕ್ಕಿಕಾಳು ಸಾಲಿಟ್ಟ ಹಾಗೆ. ಬೈಯಲು ಬಂದವನು ನೋಡುತ್ತಾ ಕೂತುಬಿಡುತ್ತಿದ್ದೆ. ಅಂಥ ಕೈ ಇನ್ನೆಲ್ಲಿ ಕಂಡೇನು...

ತೊಟ್ಟು ನೋಡುವ ದಿನ ತೋಳುಗಳು ಬೆರಳು ದಾಟಿ ಜೋತಾಡಿದವು. "ಆನೆಗೆ ಹೊಲ್ದಿದೀಯೇನ್ಲಾ?" ಎಂದು ಅರಚಿದೆ. "ಅರೆ, ಬಾಯ್ ಮುಚ್ಕಂಡ್ ನಿಂತ್ಕ. ಹಳೇ ಕಾಲ್ದೋರ ತೋಳು ಇಂಗೇ ಇರಾದು" ಎಂದು ನೀನು ತುದಿ ಹಿಡಿದು ಮೇಲಕ್ಕೆ ಸರಿಸಿದೆ. ಮುಂಗೈ ತುಂಬ ಬಳೆ ಜೋಡಿಸಿದಂತೆ ಸುಕ್ಕು ಕೂತವು. ಎರಡು ಕೈಯೂ ಒಂದೇ ಸಮ! ಯಜಮಾನ ಸುತ್ತು ಬಂದು ನೋಡಿ, ದೊರೆಯ ಕತ್ತಿಯನ್ನು ತಂದು ನನ್ನ ಕೈಗಿಟ್ಟ. ಎಡಗೈಯಲ್ಲಿ ಲಗಾಮು, ಬಲಗೈಯಲ್ಲಿ ಕತ್ತಿ ಹಿಡಿದು ಕೋಟೆ ಬಾಗಿಲಿಗೆ ಬಂದಾಗ ಯಾರೋ, "ದೊರೆ ಬಂದ, ದಾರಿ ಬುಡ್ರೋ" ಎಂದು ಕೂಗಿದರು. ಅದು ನಿನ್ನ ಕಿವಿಗೂ ಬಿದ್ದಿತ್ತಲ್ಲವೇ?

ನಿನ್ನೆಯ ಸಂಗತಿ ಕೇಳು. ಮತ್ತೆ ಅಂಥದೇ ಮೆರವಣಿಗೆ ಹೊರಡಲಿದೆ. ಈ ಸಲ ನನ್ನ ಮಗ ಅದೇ ಅಂಗಿ ತೊಟ್ಟು ಕುದುರೆ ಏರುತ್ತಾನೆ. ಅವನ ಕೈಗಳು ನೆಟ್ಟಗಿವೆ. ಅದಕ್ಕೇ ಎಡತೋಳು ಬಿಚ್ಚಿ ಉದ್ದ ಮಾಡೆಂದು ನನ್ನ ಹೆಂಡತಿಗೆ ಹೇಳಿದೆ. ಅವಳು ಸುಕ್ಕು ನೀವಿ, ಎರಡು ತೋಳನ್ನೂ ಒಂದರ ಮೇಲೊಂದು ಹಾಸಿದಳು.

"ಯಾವ್ ತೋಳು ಗಿಡ್ಡ? ತೋರ್ಸಿ ನೋಡಾನ" ಎಂದಳು.

ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಚಾಂದೂ. ಗಿಡ್ಡ ಕೈಗೆ ನಾಲ್ಕು ಸುಕ್ಕು ಜಾಸ್ತಿ ಬಿದ್ದಿದ್ದವು, ಅಷ್ಟೇ. ಊರೆಲ್ಲ ಮೋಟುಗೈ ಎಂದ ಕೈಗೂ ನೀನು ಪೂರಾ ತೋಳನ್ನೇ ಹೊಲಿದಿದ್ದೆ.

ಕಂಕುಳ ಹತ್ತಿರ ಒಂದಿಷ್ಟು ಹೊಲಿಗೆ ಬಿಟ್ಟಿದೆ. ಮಿಷನ್ನಿಗೆ ಕೊಡಲು ಹೊರಟವಳ ಕೈಯಿಂದ ಕಿತ್ತುಕೊಂಡಿದ್ದೇನೆ. ನಾನೇ ಹೊಲಿಯುತ್ತೇನೆ, ಒಂದು ಮುಂದೆ, ಅರ್ಧ ಹಿಂದೆ. ಸೊಟ್ಟಗಾದರೆ ನಗು, ಪರವಾಗಿಲ್ಲ. ಬಟ್ಟೆ ಹಿಡಿಯುವುದು ಎಡಗೈ.

ಸಿದ್ದಪ್ಪ